ಕೊಳ್ಳುವವರ ಅಳತೆಗೋಲು

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳ ಸದ್ದು ಅಡಗುತ್ತದೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗಾಗಿ ಆ ಹಾದಿಯನ್ನು ಅಂದು ಕಲಾವಿದರಿಗೆ ಬಿಟ್ಟುಕೊಡಲಾಗುತ್ತದೆ. ಎಂ. ಎಸ್. ನಂಜುಂಡರಾವ್ ಅವರು 1960ರಲ್ಲಿ ಕಟ್ಟಿದ ಈ ಸಂಸ್ಥೆಯು, ಕಲೆ ಸಿರಿವಂತರ ಗೋಡೆಗಳಿಗಷ್ಟೇ ಮೀಸಲಾಗದೆ ಸಾಮಾನ್ಯರ ಮನೆಗೂ ತಲುಪಬೇಕೆಂಬ ಆಶಯದಿಂದ ಈ ಸಂತೆಯನ್ನು ನಡೆಸಿಕೊಂಡು ಬಂದಿದೆ. ಕೊರೋನಾದ ಕಾರಣದಿಂದ 2021ರಲ್ಲಿ ಅದು ಅಂತರ್ಜಾಲದಲ್ಲಿ ನಡೆಯಿತು. 2023ರ ಜನವರಿ 8ರಂದು 20ನೆಯ ಚಿತ್ರಸಂತೆ ನಡೆದಾಗ ರಸ್ತೆಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ.

ಅಂದು ಬಂದವರಲ್ಲಿ ಚಿಕ್ಕಪೇಟೆಯ ಒಬ್ಬ ವೃದ್ಧ ಬಟ್ಟೆ ವರ್ತಕರೂ ಇದ್ದರು. ನಲವತ್ತು ವರ್ಷಗಳ ವ್ಯಾಪಾರದಲ್ಲಿ ಒಂದು ಅಂಗುಲ ಬಟ್ಟೆಯನ್ನೂ ಕಡಿಮೆ ಅಳೆದವರಲ್ಲ ಎಂಬ ಹೆಸರು ಅವರಿಗಿತ್ತು. ಹನ್ನೆರಡು ವರ್ಷದ ಮೊಮ್ಮಗಳ ಕೈ ಹಿಡಿದು ಅವರು ನಿಧಾನವಾಗಿ ನಡೆದರು. ಚಿನ್ನದ ರೇಕು ಹಚ್ಚಿದ ಮೈಸೂರು ಶೈಲಿಯ ದೇವತಾಚಿತ್ರಗಳು, ಎದುರು ಕುಳಿತವರ ಮುಖವನ್ನು ಕೆಲವೇ ನಿಮಿಷಗಳಲ್ಲಿ ಕಾಗದಕ್ಕೆ ಇಳಿಸುವ ತರುಣರು, ದೂರದಲ್ಲೆಲ್ಲೋ ಡೊಳ್ಳಿನ ನಾದ. ಮಗುವಿಗೆ ಎಲ್ಲವೂ ಬೆರಗು.

ಒಂದೆಡೆ ಅವಳು ನಿಂತುಬಿಟ್ಟಳು. ಬಾದಾಮಿಯ ಅಗಸ್ತ್ಯತೀರ್ಥದ ಜಲವರ್ಣ ಚಿತ್ರ; ಸಂಜೆಯ ನೀರಿನಲ್ಲಿ ಭೂತನಾಥ ದೇವಾಲಯದ ನೆರಳು ನಡುಗುತ್ತಿತ್ತು. ಬಾಗಲಕೋಟೆ ಕಡೆಯ ಯುವಕನೊಬ್ಬ ಅದನ್ನು ಬರೆದಿದ್ದ. ಚೀಟಿಯಲ್ಲಿ 4000 ರೂಪಾಯಿ ಎಂದು ಬೆಲೆ ಇತ್ತು. ವರ್ತಕರು ಅಭ್ಯಾಸಬಲದಿಂದ ಅರ್ಧಕ್ಕೆ ಕೇಳಿದರು. ಹೊರಡುವವರಂತೆ ಎರಡು ಹೆಜ್ಜೆ ಇಟ್ಟು ಮರಳಿ ಬಂದರು. ಕೊನೆಗೆ ಮಾತು 2200ಕ್ಕೆ ನಿಂತಿತು.

“ತಗೊಳ್ರಿ ಸರ್. ಬೆಳಗಿಂದ ಒಂದೂ ಹೋಗಿಲ್ಲ. ರಾತ್ರಿ ಗಾಡಿಗೆ ಊರಿಗೆ ಹೋಗಬೇಕ್ರಿ” ಎಂದು ಯುವಕ ಚಿತ್ರವನ್ನು ಜೋಪಾನವಾಗಿ ಸುತ್ತಿಕೊಟ್ಟ.

ಆಮೇಲೆ ಇಬ್ಬರೂ ತಿಂಡಿಯ ಮಳಿಗೆಗೆ ಹೋದರು. ಫಲಕದಲ್ಲಿ ಬರೆದಷ್ಟು ಹಣವನ್ನು ವರ್ತಕರು ಮರುಮಾತಿಲ್ಲದೆ ಎಣಿಸಿಕೊಟ್ಟರು.

“ತಾತ, ಇಲ್ಲಿ ಯಾಕೆ ಕಡಿಮೆ ಮಾಡಿ ಅಂತ ಕೇಳಲಿಲ್ಲ?”

“ಫಲಕದಲ್ಲೇ ಬೆಲೆ ಬರೆದಿದೆಯಲ್ಲ ಮಗು.”

“ಆ ಚಿತ್ರದ ಚೀಟಿಯಲ್ಲೂ ಬರೆದಿತ್ತಲ್ಲ?”

ದೋಸೆ ತಟ್ಟೆಯಲ್ಲಿಯೇ ಆರುತ್ತಿತ್ತು. ಚೌಕಾಸಿ ಅವರಿಗೆ ಹೊಸದಲ್ಲ, ಪಾಪವೆಂದೂ ಅವರು ಎಣಿಸಿದವರಲ್ಲ. ಅಂಗಡಿಯಲ್ಲಿ ಗಿರಾಕಿ ಕೇಳುವನೆಂದು ತಿಳಿದೇ ಬೆಲೆಯಲ್ಲಿ ಒಂದಿಷ್ಟು ಅವಕಾಶ ಇಟ್ಟುಕೊಳ್ಳುವುದು ವ್ಯಾಪಾರದ ರೂಢಿ. ಅಲ್ಲಿ ಇಬ್ಬರಿಗೂ ಆಟದ ನಿಯಮ ಗೊತ್ತು. ಇಂದು ಗಿರಾಕಿ ಹೋದರೆ ನಾಳೆ ಮತ್ತೊಬ್ಬ ಬರುತ್ತಾನೆ. ಈ ಯುವಕನಿಗಾದರೋ ಇದ್ದುದು ಒಂದೇ ದಿನ. ಅವನು ಒಪ್ಪಿದ್ದು ಬೆಲೆಗಲ್ಲ, ರಾತ್ರಿಯ ಗಾಡಿಗೆ. ಕಡಿಮೆ ತೂಗುವುದನ್ನೂ ಕಡಿಮೆ ಅಳೆಯುವುದನ್ನೂ ಹಿರಿಯರು ಕಳವಿನ ಸಾಲಿನಲ್ಲಿಯೇ ಇಟ್ಟಿದ್ದಾರೆ. ಮಾರುವಾಗ ಆ ಮಾತನ್ನು ತಪ್ಪದೆ ಪಾಲಿಸಿದ ತಾವು ಕೊಳ್ಳುವಾಗ ಅದನ್ನು ನೆನೆಯಲೇ ಇಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಹಿಂದಿರುಗಿ ಉಳಿದ 1800 ರೂಪಾಯಿಯನ್ನು ಚಾಚಿದಾಗ ಯುವಕ ಕೈ ಹಿಂದೆಳೆದುಕೊಂಡ. “ಬ್ಯಾಡ್ರಿ ಸರ್. ಮಾತು ಮುಗಿದೈತಿ. ಬಡವ ಅಂತ ಕೊಡೋದಾದ್ರ ನನಗ ಬ್ಯಾಡ.”

ವರ್ತಕರು ಕ್ಷಣಕಾಲ ಸುಮ್ಮನೆ ನಿಂತರು. ಹಣವನ್ನು ಜೇಬಿನಿಂದ ತೆಗೆಯುವಾಗ ಕೊಡುವವನ ಹಿಗ್ಗು ಮನಸ್ಸಿನಲ್ಲಿ ಇಣುಕಿದ್ದುದು ಸುಳ್ಳಲ್ಲ. ಅದನ್ನು ಆ ಹುಡುಗ ಕಂಡುಕೊಂಡಿದ್ದ.

“ನಾನು ಬಟ್ಟೆ ಅಳೆಯುವವನಪ್ಪಾ” ಎಂದರು ಮೆಲ್ಲನೆ. “ಐದು ಮೀಟರಿಗೆ ಮೂರೇ ಅಳೆದುಕೊಟ್ಟು, ಆಮೇಲೆ ತಪ್ಪು ತಿಳಿದು ಎರಡನ್ನು ಸೇರಿಸಿಕೊಟ್ಟರೆ ಅದು ದಾನವಾಗುತ್ತದೆಯೆ? ನಿನಗೆ ಸಲ್ಲಬೇಕಾದ್ದು ಇದು. ನನ್ನ ತಪ್ಪನ್ನು ತಿದ್ದಿಕೊಳ್ಳಲು ಬಿಡು.”

ಯುವಕ ಸ್ವಲ್ಪ ಹೊತ್ತು ಅವರನ್ನೇ ನೋಡಿದ. ಅನಂತರ ಹಣ ತೆಗೆದುಕೊಂಡು, ಸುರುಳಿಯನ್ನು ಬಿಚ್ಚಿ, ಚಿತ್ರದ ಹಿಂದೆ ತನ್ನ ಹೆಸರನ್ನೂ ದಿನಾಂಕವನ್ನೂ ಬರೆದ. ಅದರ ಕೆಳಗೆ 4000 ಎಂಬ ಅಂಕಿಯನ್ನೂ ಬರೆದ.

ಆ ಚಿತ್ರ ಈಗ ಚಿಕ್ಕಪೇಟೆಯ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿದೆ. ಅಂಗಡಿಯಲ್ಲಿ ಚೌಕಾಸಿಯೇನೂ ನಿಂತಿಲ್ಲ. ಆದರೆ ಕೈಮಗ್ಗದವರು ಸಂಜೆಯ ಹೊತ್ತಿಗೆ ಸೀರೆಯ ಗಂಟು ಹೊತ್ತು ಬಂದು, ಊರಿಗೆ ಮರಳುವ ಅವಸರದಲ್ಲಿ ಬೆಲೆ ಇಳಿಸತೊಡಗಿದರೆ, ವರ್ತಕರು ಅವರನ್ನು ಮೊದಲು ಕುಳ್ಳಿರಿಸಿ ನೀರು ಕೊಡಿಸುತ್ತಾರೆ. ಬೆಳಿಗ್ಗೆ ಬಂದಿದ್ದರೆ ಎಷ್ಟು ಹೇಳುತ್ತಿದ್ದಿರಿ ಎಂದು ಕೇಳುತ್ತಾರೆ. ಮಾರುವವನ ಕೋಲನ್ನು ಪರೀಕ್ಷಿಸಲು ಸರಕಾರದ ಅಧಿಕಾರಿಗಳಿದ್ದಾರೆ. ಕೊಳ್ಳುವವನ ಕೋಲು ಅವನ ಕೈಯಲ್ಲಿಯೇ ಉಳಿಯುತ್ತದೆ. ಅದನ್ನು ಅವನೇ ಆಗಾಗ ತೆಗೆದು ನೋಡಿಕೊಳ್ಳಬೇಕು.