ಹೂ ಕಟ್ಟುವ ಜಗಲಿಯ ತಾಳಮದ್ದಲೆ

ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಕಥೆ ನೋಡಿ ಸುಮ್ಮನೆ ಎದ್ದು ಹೋಗುವವರು ಕಡಿಮೆ. ಕೆರೆಮನೆ ಶಂಭು ಹೆಗಡೆಯವರ ಹರಿಶ್ಚಂದ್ರ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಇಂಥವನ್ನೆಲ್ಲ ನಿದ್ದೆಗೆಟ್ಟು ನೋಡಿದವರು ಬೆಳಿಗ್ಗೆ ಚಾ ಅಂಗಡಿಯ ಬೆಂಚಿನ ಮೇಲೆ ಅದೇ ಪ್ರಸಂಗವನ್ನು ಮತ್ತೆ ಬಿಚ್ಚುತ್ತಿದ್ದರು. ಯಾವ ಪದಕ್ಕೆ ಕುಣಿತ ಹೆಚ್ಚಾಯಿತು, ಯಾರ ಅರ್ಥ ಎಲ್ಲಿ ಸಪ್ಪೆಯಾಯಿತು ಎಂದು ಶುರುವಾದ ಮಾತು, ತುಂಬಿದ ಸಭೆಯಲ್ಲಿ ಭೀಷ್ಮ ಬಾಯಿ ಬಿಡದೆ ಕೂತದ್ದು ಸರಿಯೇ ಎಂಬಲ್ಲಿಗೆ ಹೋಗಿ ಮುಟ್ಟುತ್ತಿತ್ತು. ತಾಳಮದ್ದಲೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಪಾತ್ರದ ನ್ಯಾಯ ಅನ್ಯಾಯಗಳನ್ನು ಮಾತಿನಲ್ಲೇ ಒರೆಗೆ ಹಚ್ಚುವುದೇ ಅಲ್ಲಿಯ ಆಟ. ಆ ಚರ್ಚೆಯ ರುಚಿ ಹೆಂಗಸರಿಗೂ ಗೊತ್ತಿತ್ತು. ಆದರೆ ಚಾ ಅಂಗಡಿಯ ಬೆಂಚು ಅವರದ್ದಾಗಿರಲಿಲ್ಲ. ಈಗ ಅವರಿಗೆ ಅವರವೇ ಪ್ರಸಂಗಗಳು ಸಿಕ್ಕಿವೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಟೀವಿಯಲ್ಲಿ ಬರುತ್ತವೆ.

ಮುರ್ಡೇಶ್ವರದ ನೆರೆಯ ನಮ್ಮ ಕಾಯ್ಕಿಣಿಯಲ್ಲಿ ಅವುಗಳ ವಿಚಾರಣೆ ನಡೆಯುವುದು ಮರುದಿನ ಬೆಳಿಗ್ಗೆ, ಮಲ್ಲಿಗೆ ಕಟ್ಟುವಾಗ. ಭಟ್ಕಳ ಮಲ್ಲಿಗೆ ಯಾರಿಗೂ ಕಾಯುವುದಿಲ್ಲ. ಮೊಗ್ಗಿದ್ದಾಗಲೇ ಕೊಯ್ದು, ಕಟ್ಟಿ, ಪೇಟೆಗೆ ಹೂ ಒಯ್ಯುವವರ ಕೈಗೆ ಮುಟ್ಟಿಸಬೇಕು. ಜಗಲಿಯ ಮೇಲೆ ಒದ್ದೆ ಬಟ್ಟೆ ಹಾಸಿ ಮೊಗ್ಗು ಸುರಿದುಕೊಂಡು ನಾಲ್ಕೈದು ಜನ ಸುತ್ತ ಕೂರುತ್ತಾರೆ. ನೆನೆಸಿದ ಬಾಳೆನಾರನ್ನು ತೆಳ್ಳಗೆ ಸೀಳಿ, ಎರಡು ಮೊಗ್ಗು ಆಚೆ, ಎರಡು ಈಚೆ ಜೋಡಿಸಿ ಗಂಟು ಬಿಗಿಯುತ್ತಾರೆ. ದಂಡೆ ಬೆಳೆಯುತ್ತಾ ಹೋಗುತ್ತದೆ. ಬೆರಳಿಗೆ ಕೆಲಸ ಗೊತ್ತಿರುವುದರಿಂದ ಕಣ್ಣಿಗೂ ಬಾಯಿಗೂ ಬಿಡುವು.

“ನಿನ್ನೆ ನೋಡಿದ್ಯೇನೇ? ಅಲ್ಲ ಮಾರಾಯ್ತಿ, ಆ ತಾಂಡವನಿಗೆ ಅವಳು ಎಂತ ಕಡಿಮೆ ಮಾಡಿದ್ದಾಳೆ ಅಂತ?”

ಇದು 2022ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಭಾಗ್ಯಲಕ್ಷ್ಮಿ’ಯ ಮಾತು. ಸುಷ್ಮಾ ಕೆ. ರಾವ್ ಮಾಡಿದ ಭಾಗ್ಯ ಓದಿದವಳಲ್ಲ. ಅದಕ್ಕಾಗಿಯೇ ಗಂಡ ತಾಂಡವ ಅವಳನ್ನು ಹೀಯಾಳಿಸುತ್ತಾನೆ, ಬೇರೊಬ್ಬಳ ಬೆನ್ನು ಹತ್ತುತ್ತಾನೆ. ಭಾಗ್ಯ ಮಗಳ ಜೊತೆಗೇ ಹತ್ತನೇ ತರಗತಿಗೆ ಹೋಗಿ ಕೂರುತ್ತಾಳೆ. ಪದ್ಮಜಾ ರಾವ್ ಮಾಡಿದ ಅತ್ತೆ ಕುಸುಮಾ ಹೆತ್ತ ಮಗನನ್ನು ಬಿಟ್ಟು ಸೊಸೆಯ ಬೆನ್ನಿಗೆ ನಿಲ್ಲುತ್ತಾಳೆ. ಈಚೆಗೆ ನಾನು ನೋಡಿದ ಧಾರಾವಾಹಿಗಳಲ್ಲಿ ಮನಸ್ಸಿಗೆ ತುಂಬ ಹತ್ತಿರವಾದದ್ದು ಈ ಶಾಲೆಯ ಭಾಗ. ನಮ್ಮ ಜಗಲಿಯಲ್ಲಿ ಏಳನೇ ಕ್ಲಾಸಿಗೇ ಪಾಟೀಚೀಲ ಕೆಳಗಿಟ್ಟವರಿದ್ದಾರೆ. ಭಾಗ್ಯ ಪರೀಕ್ಷೆಗೆ ಓದುವಾಗ ಅವರೆಲ್ಲ ತಮ್ಮದೇ ಪರೀಕ್ಷೆ ಎಂಬಷ್ಟು ಕಳವಳಪಟ್ಟರು. ಅತ್ತೆಯ ಬಗ್ಗೆ ಮಾತ್ರ ಜಗಲಿ ಎರಡು ಪಾಲಾಯಿತು. ಅಂಥ ಅತ್ತೆ ಟೀವಿಯಲ್ಲಿ ಮಾತ್ರ ಎಂದರು ಕೆಲವರು. ಟೀವಿಯಲ್ಲಾದರೂ ಇರಲಿ, ಹೇಗಿರಬೇಕು ಅಂತ ನಮಗೂ ತಿಳಿಯಬೇಕಲ್ಲ ಎಂದಳು ಸೊಸೆ ತಂದು ಇನ್ನೂ ವರ್ಷವಾಗದ ಒಬ್ಬ ಅಕ್ಕ.

ಆದರೆ ಎಲ್ಲಕ್ಕಿಂತ ದೊಡ್ಡ ವಾದ ನಡೆದದ್ದು ಜೀ ಕನ್ನಡದ ‘ಶ್ರೀರಸ್ತು ಶುಭಮಸ್ತು’ ವಿಷಯದಲ್ಲಿ. ಸುಧಾರಾಣಿ ಮಾಡಿದ ತುಳಸಿ ವಿಧವೆ, ಬೆಳೆದ ಮಗನಿರುವವಳು. ಅಂಥವಳು ಮಾಧವನನ್ನು ಮದುವೆಯಾಗುತ್ತಾಳೆ. ಮುಂದೆ ಬಸುರಿಯೂ ಆಗುತ್ತಾಳೆ. ಮದುವೆಯನ್ನು ಒಪ್ಪಿದ್ದ ಜಗಲಿ ಬಸುರಿಯಾದದ್ದನ್ನು ಒಪ್ಪಲಿಲ್ಲ. ಮಗ ಸೊಸೆ ಮನೆಯಲ್ಲಿರುವಾಗ ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂಬುದು ಒಂದು ಪಕ್ಷ. ಗಂಡಸು ಐವತ್ತಕ್ಕೆ ಮದುವೆಯಾಗಿ ಮಕ್ಕಳನ್ನು ಪಡೆದರೆ ನಾವು ಹೋಗಿ ತೊಟ್ಟಿಲಲ್ಲಿ ಮಗು ನೋಡಿ ಬರುತ್ತೇವಲ್ಲ, ಆಗ ಇದು ನೆನಪಾಗುವುದಿಲ್ಲವೇ ಎಂಬುದು ಇನ್ನೊಂದು. ವಾದ ಹಲವು ದಿನ ಎಳೆಯಿತು. ಕೂತವರಲ್ಲಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡ ಒಬ್ಬಳಿದ್ದಳು. ಅವಳು ತಲೆ ಎತ್ತದೆ ಹೂ ಕಟ್ಟುತ್ತಿದ್ದಳು. ಕಡೆಗೊಂದು ದಿನ ಮಾತಾಡಿದ್ದು ಅವಳ ಪಕ್ಕ ಕೂತಿದ್ದ ಅವಳ ಅತ್ತೆ. “ತುಳಸಿ ಮಾಡಿದ್ದರಲ್ಲಿ ಎಂತ ತಪ್ಪೂ ಇಲ್ಲ. ನಾನು ಅವಳ ಅತ್ತೆ ಆಗಿದ್ರೆ ಎದುರು ನಿಂತು ಧಾರೆ ಎರೆಸ್ತಿದ್ದೆ,” ಎಂದರು. ಆ ಮೇಲೆ ಎದ್ದ ಮಾತೆಲ್ಲ ತುಳಸಿಯದ್ದೇ. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಹೇಳಬೇಕಾದದ್ದು ಕೇಳಬೇಕಾದವಳಿಗೆ ಮುಟ್ಟಿತ್ತು.

ಧಾರಾವಾಹಿಯ ಮಾತನ್ನು ನಾನು ಗೌರವಿಸುವುದು ಇದಕ್ಕೇ. ಮನೆಯೊಳಗಿನದ್ದನ್ನು ಹೊರಗೆ ಆಡಿದರೆ ಮಾನ ಹೋಗುತ್ತದೆ ಎಂದು ಬೆಳೆದವರಿಗೆ ಇಲ್ಲಿ ಮಾನ ಕಳೆದುಕೊಳ್ಳದೆ ಮಾತಾಡಲು ದಾರಿಯಿದೆ. ಉಮಾಶ್ರೀಯವರ ಪುಟ್ಟಕ್ಕ ಗಂಡ ಬಿಟ್ಟು ಹೋದ ಮೇಲೆ ಮೆಸ್ಸು ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದ ಕಥೆ ಬರುತ್ತಿದ್ದಾಗ, ಗಂಡುಮಗುವಿಗಾಗಿ ತಾವು ಕೇಳಿಸಿಕೊಂಡ ಬೈಗುಳಗಳನ್ನು ಹಿರಿಯರು ಪುಟ್ಟಕ್ಕನ ಲೆಕ್ಕಕ್ಕೆ ಹಾಕಿ ಹೇಳಿಕೊಂಡರು. ಇದು ಹೊಸತೂ ಅಲ್ಲ. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬಂದಾಗಿನಿಂದ ಕನ್ನಡದ ಮನೆಗಳಿಗೆ ಈ ಅಭ್ಯಾಸ ಹತ್ತಿದೆ. ಆಮೇಲೆ ‘ಮುಕ್ತ’ದಲ್ಲಿ ಅವರೇ ಸಿ.ಎಸ್.ಪಿ. ಎಂಬ ವಕೀಲರಾಗಿ ಕೋರ್ಟಿನಲ್ಲಿ ನಿಂತು ಸಾಕ್ಷಿಗಳನ್ನು ಪ್ರಶ್ನಿಸುವಾಗ ಊಟದ ತಟ್ಟೆ ಕೈಯಲ್ಲೇ ಉಳಿಯುತ್ತಿತ್ತು. ನ್ಯಾಯ ತೀರುವುದನ್ನು ಕಣ್ಣಾರೆ ನೋಡಬೇಕೆಂಬ ಹಸಿವು ನಮ್ಮ ಜನಕ್ಕೆ ಅಷ್ಟಿದೆ.

ಆ ಹಸಿವಿಗೆ ವಾಹಿನಿಗಳು ಬಡಿಸುತ್ತಿರುವುದು ಸಾಲದು. ಒಂದು ಗುಟ್ಟು ಬಯಲಾಗಲು ಮೂರು ತಿಂಗಳು ಬೇಕಾಗುತ್ತದೆ. ಒಂದು ಮಾತು ಬಿದ್ದರೆ ಮನೆಯ ಅಷ್ಟೂ ಜನರ ಮುಖವನ್ನು ಒಂದೊಂದಾಗಿ ತೋರಿಸಿ ಅರ್ಧ ಸಂಚಿಕೆ ಮುಗಿಸುತ್ತಾರೆ. ಭಾಗ್ಯಳ ಪರೀಕ್ಷೆಯಂಥ ಒಳ್ಳೆಯ ಎಳೆ ಸಿಕ್ಕರೂ ಅದನ್ನು ಬಿಟ್ಟು ಮತ್ತೆ ವಿಷ, ಅಪಹರಣ, ಸುಳ್ಳು ಸಾಕ್ಷಿಗಳ ಹಿಂದೆ ಹೋಗುತ್ತಾರೆ. ಇದನ್ನು ಜಗಲಿಯಲ್ಲಿ ಎಲ್ಲರೂ ಬೈಯುತ್ತಾರೆ. ಆ ಬೈಗುಳ ಯಾರಿಗೂ ಮುಟ್ಟುವುದಿಲ್ಲ. ಪ್ರತಿ ಗುರುವಾರ ಹೊರಬೀಳುವ ಟಿಆರ್‌ಪಿಗೆ ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟು, ಯಾವ ಹೊತ್ತಿಗೆ ಯಾವ ವಾಹಿನಿ ಹಾಕಿತ್ತು ಎಂದು ಲೆಕ್ಕ ತೆಗೆಯುತ್ತಾರೆ. ಕಣ್ಣೀರಿಟ್ಟು ನೋಡಿದರೂ ಅದೇ ಅಂಕ, ಹಲ್ಲು ಕಡಿದು ನೋಡಿದರೂ ಅದೇ ಅಂಕ. ನೋಡಿದವರು ಮರುದಿನ ಏನು ಮಾತಾಡಿಕೊಂಡರು ಎಂಬುದನ್ನು ಅಳೆಯುವ ಮೀಟರ್ ಇನ್ನೂ ಬಂದಿಲ್ಲ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ದಿನದ ಧಾರಾವಾಹಿಗಳಲ್ಲಿ ನಮ್ಮ ಸೀಮೆಯ ಬದುಕು ಕಾಣಿಸುವುದೇ ಅಪರೂಪ. ಮುರ್ಡೇಶ್ವರದ ಗೋಪುರ, ಕಡಲಿನ ಎದುರು ಕೂತ ಶಿವನ ಮೂರ್ತಿ ಹಾಡಿಗೋ ಹರಕೆಗೋ ಬಂದು ಹೋಗುತ್ತವೆ. ಮಾತು ಮಾತ್ರ ಬೆಂಗಳೂರಿನದ್ದು. ಕರಾವಳಿಯ ಕನ್ನಡ ಬೇಕಾಗುವುದು ನಗಿಸಲಿಕ್ಕೆ. ಒಂದೂರಿನ ಬದುಕನ್ನು ಟೀವಿಯಲ್ಲಿ ಪ್ರೀತಿಯಿಂದ ಹೇಗೆ ತೋರಿಸಬಹುದು ಎಂದು ದೇಶಕ್ಕೇ ಕಲಿಸಿದವರು ನಮ್ಮ ಈ ಸೀಮೆಯವರೇ. ಹೊನ್ನಾವರ ತಾಲ್ಲೂಕಿನ ಶಂಕರ್‌ನಾಗ್ 1980ರ ದಶಕದಲ್ಲಿ ಆರ್.ಕೆ. ನಾರಾಯಣ್ ಅವರ ಕಥೆಗಳ ಮಾಲ್ಗುಡಿಯನ್ನು ಧಾರಾವಾಹಿಗಾಗಿ ಆಗುಂಬೆಯಲ್ಲಿ ಕಟ್ಟಿದರು. ಬಾಲ್ಯದ ಒಂದಷ್ಟು ಕಾಲವನ್ನು ನಮ್ಮ ಪಕ್ಕದ ಶಿರಾಲಿಯ ಚಿತ್ರಾಪುರದಲ್ಲಿ ಕಳೆದ ಅನಂತನಾಗ್ ಅದರಲ್ಲಿ ಮಿಠಾಯಿ ಮಾರುವ ಜಗನ್ ಆದರು. ಧಾರಾವಾಹಿ ಹಿಂದಿಯಲ್ಲಿದ್ದರೂ ಅಂಗಳ, ಜಗಲಿ, ಮಳೆ ಎಲ್ಲ ನಮ್ಮವೇ ಅನ್ನಿಸಿತು. ಅಲ್ಲಿ ಯಾರೂ ಯಾರಿಗೂ ವಿಷ ಹಾಕಲಿಲ್ಲ. ಹುಡುಗನೊಬ್ಬ ಶಾಲೆಗೆ ಹೋಗಿ ಬರುವುದನ್ನೇ ಇಡೀ ದೇಶ ಕೂತು ನೋಡಿತು.

ಆದ್ದರಿಂದ ಧಾರಾವಾಹಿ ಬರೆಯುವವರಲ್ಲಿ ನನ್ನದೊಂದು ಬೇಡಿಕೆ. ಇಲ್ಲಿಯ ಹೆಂಗಸರ ಕಥೆ ಬರೆಯಿರಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ದಡ ಹತ್ತಿದಾಗ ಮೀನು ಮಾರುವವಳು ಮನೆ ಹೇಗೆ ತೂಗಿಸುತ್ತಾಳೆ? ಗಂಡ ಗಲ್ಫಿನಲ್ಲಿರುವ ಭಟ್ಕಳದ ಮನೆಯಲ್ಲಿ ಮಕ್ಕಳ ಓದು, ಮುದುಕರ ಔಷಧಿ, ಜಾಗದ ತಕರಾರು ಎಲ್ಲವನ್ನೂ ಒಬ್ಬಳೇ ಹೇಗೆ ನಿಭಾಯಿಸುತ್ತಾಳೆ? ಹಿತ್ತಿಲ ಮಲ್ಲಿಗೆಯ ದರ ಹಬ್ಬಕ್ಕೆ ಏರಿ ಮರುದಿನ ಇಳಿಯುವಾಗ ಗಂಟು ಹಾಕಿದ ಕೈಗೆ ಬರುವುದೆಷ್ಟು? ಇವನ್ನು ನಮ್ಮ ಮಾತಿನಲ್ಲೇ ಬರೆಯಿರಿ, ನಗಿಸುವುದಕ್ಕಲ್ಲ. ನಾವು ನೋಡುತ್ತೇವೆ. ನಮ್ಮದೇ ಕಥೆ ಎಂದು ರಿಯಾಯಿತಿ ಕೊಡುವುದಿಲ್ಲ; ಎಲ್ಲಿ ಅರ್ಥ ಸಪ್ಪೆಯಾಯಿತು, ಯಾರಿಗೆ ಅನ್ಯಾಯವಾಯಿತು ಎಂದು ಮರುದಿನವೇ ಜಗಲಿಯಲ್ಲಿ ಹೇಳುತ್ತೇವೆ.