ಮಿಸ್ ಹೇಳಿದ್ದಾರೆ

ಪ್ರೈಮರಿ ಶಾಲೆಯ ಸುದ್ದಿ ಮನೆಗೆ ಬರುವುದು ಹೆಚ್ಚಾಗಿ ಮಗುವಿನ ಬಾಯಲ್ಲಿ. ಯಾವ ಹೊತ್ತಿಗೆ ಬರಬೇಕೆಂಬುದೂ ಮಗುವಿನ ಮರ್ಜಿ. ಶಾಲೆ ಬಿಟ್ಟ ಮೇಲೆ ಆಟ, ಆಟ ಮುಗಿದರೆ ಹಸಿವು, ಹಸಿವು ತೀರಿದರೆ ತೂಕಡಿಕೆ. ಹಾಸಿಗೆ ಹಾಸಿ ಲೈಟ್ ಆರಿಸಬೇಕು ಅನ್ನುವಷ್ಟರಲ್ಲಿ, “ಅಮ್ಮಾ, ನಾಳೆ ನಾನು ಒನಕೆ ಓಬವ್ವ ಆಗ್ಬೇಕಂತೆ, ಮಿಸ್ ಹೇಳಿದ್ದಾರೆ” ಅನ್ನುತ್ತದೆ. ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯ ಅಕ್ಕನ ಬಾಗಿಲು ತಟ್ಟಿ ಹಸಿರು ಸೀರೆ ಕೇಳಿದ್ದಾಯಿತು, ಒನಕೆ ಯಾರ ಅಟ್ಟದ ಮೇಲಿದೆ ಎಂದು ವಿಚಾರಿಸಿದ್ದಾಯಿತು. ಬೆಳಿಗ್ಗೆ ಆ ಪುಟ್ಟ ಓಬವ್ವ ಕಚ್ಚೆ ಹಾಕಿಕೊಂಡು ಶಾಲೆಯ ಗೇಟು ದಾಟುವಾಗ ಇಡೀ ಬೀದಿಯೇ ನಿಂತು ನೋಡುತ್ತದೆ. ಆಗಲ್ಲ ಅಂದ ತಾಯಿಯನ್ನು ನಾನಂತೂ ಕಂಡಿಲ್ಲ. ಮಿಸ್ ಅನ್ನಿ, ಟೀಚರ್ ಅನ್ನಿ, ಧಾರವಾಡದ ಕಡೆಯವರಂತೆ ಅಕ್ಕೋರು ಅನ್ನಿ, ಏಳು ವರ್ಷದ ಮಗುವಿಗೆ ಅವರು ಹೇಳಿದ್ದೇ ಕೊನೆಯ ಮಾತು.

ಈಗ ಎಷ್ಟೋ ಶಾಲೆಗಳಲ್ಲಿ ತರಗತಿಗೊಂದು ವಾಟ್ಸಾಪ್ ಗ್ರೂಪ್ ಇದೆ. ಒಳ್ಳೆಯದೇ. ಆದರೆ ಮನೆಗಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೋ ಆಟೋ ಸ್ಟ್ಯಾಂಡಿಗೋ ಹೋಗಿರುತ್ತದೆ. ಬೆಳಿಗ್ಗೆ ಹಾಕಿದ ಮೆಸೇಜು ಮನೆ ಸೇರುವುದು ಅಪ್ಪ ಮನೆ ಸೇರಿದಾಗಲೇ. ಅಷ್ಟರಲ್ಲಿ ಹುಟ್ಟುಹಬ್ಬದ ಶುಭಾಶಯ, ಶುಭೋದಯದ ಹೂವುಗಳ ಕೆಳಗೆ “ಆಧಾರ್ ಜೆರಾಕ್ಸ್ ತನ್ನಿ” ಅನ್ನುವ ಸಾಲು ಮುಚ್ಚಿಹೋಗಿರುತ್ತದೆ. ನನಗೆ ತುಂಬ ಹಿಡಿಸಿದ್ದು ಕೆಲವು ಟೀಚರುಗಳು ಕಳಿಸುವ ವಾಯ್ಸ್ ಮೆಸೇಜು. ಕಚೇರಿಯ ಭಾಷೆ ಬಿಟ್ಟು, ಎದುರಿಗೆ ಕೂತು ಮಾತಾಡಿದಂತೆ ಹೇಳುತ್ತಾರೆ. ಓದಲು ಬಾರದ ಅಜ್ಜಿಯೂ ಎರಡು ಸಲ ಹಾಕಿಸಿ ಕೇಳುತ್ತಾರೆ. ಗೇಟಿನ ಪಕ್ಕದ ಕರಿಹಲಗೆಯನ್ನೂ ಬಿಡಬಾರದು. ಅದಕ್ಕೆ ಡೇಟಾ ಪ್ಯಾಕ್ ಬೇಕಿಲ್ಲ.

ಹೇಗೆ ಹೇಳಿದರು ಅನ್ನುವಷ್ಟೇ ಮುಖ್ಯ, ಯಾಕೆ ಅಂತ ಹೇಳಿದರೇ ಅನ್ನುವುದು. ಜಂತುಹುಳದ ಮಾತ್ರೆಯನ್ನೇ ನೋಡಿ. 2015ರಲ್ಲಿ ಶುರುವಾದ ಜಂತುಹುಳ ನಿವಾರಣಾ ದಿನ ಈಗ ದೇಶದಾದ್ಯಂತ ನಡೆಯುತ್ತಿದೆ. ಫೆಬ್ರುವರಿಯಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಶಾಲೆಯಲ್ಲೇ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. “ನಾಳೆ ಮಾತ್ರೆ ಕೊಡಲಾಗುವುದು” ಎಂದಷ್ಟೇ ಚೀಟಿ ಬಂದರೆ ಮನೆಯಲ್ಲಿ ದಿಗಿಲು. ಯಾವ ಮಾತ್ರೆ, ಮಗುವಿಗೆ ಏನಾದರೂ ಆದರೆ? ಒಂದು ದಿನ ಕಳಿಸದಿದ್ದರಾಯಿತು ಎಂದು ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಅದೇ ಚೀಟಿಯಲ್ಲಿ ಇನ್ನು ನಾಲ್ಕು ಮಾತು ಇರಲಿ: ಕೊಕ್ಕೆಹುಳ ಬರಿಗಾಲಿನ ಚರ್ಮದಿಂದಲೇ ಒಳಗೆ ಹೊಕ್ಕು, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ, ಮಗು ಬಿಳಿಚಿಕೊಂಡು ಮಂಕಾಗುತ್ತದೆ, ಮಾತ್ರೆಯನ್ನು ಚೀಪಿ ಅಗಿದು ನೀರು ಕುಡಿಯಬೇಕು, ಹೊಟ್ಟೆಯಲ್ಲಿ ಹುಳ ಹೆಚ್ಚಿದ್ದ ಮಗುವಿಗೆ ಸ್ವಲ್ಪ ವಾಕರಿಕೆ, ಹೊಟ್ಟೆನೋವು ಬರಬಹುದು, ಅದು ಬೇಗ ಕಡಿಮೆಯಾಗುತ್ತದೆ, ಅಂದು ಜ್ವರವಿದ್ದರೆ ಟೀಚರಿಗೆ ಹೇಳಿ, ಬಿಟ್ಟುಹೋದ ಮಕ್ಕಳಿಗೆ ಮುಂದೆ ಇನ್ನೊಂದು ದಿನ ಇದ್ದೇ ಇದೆ. ಇಷ್ಟು ತಿಳಿದ ತಾಯಿ ಮಗುವಿಗೆ ಹೊಟ್ಟೆತುಂಬ ತಿಂಡಿ ಕೊಟ್ಟು ತಾನೇ ಕರೆತಂದು ಬಿಡುತ್ತಾಳೆ. ಚಪ್ಪಲಿ ಯಾಕೆ ಬೇಕು ಅನ್ನುವುದೂ ಆ ಮನೆಗೆ ಅವತ್ತೇ ಗೊತ್ತಾಗುತ್ತದೆ.

ಕಾರಣ ಹೇಳುವುದಕ್ಕೆ ಹೆಚ್ಚು ಹೊತ್ತು ಬೇಡ. ಶಾಲೆಯ ಊಟದ ವಿಷಯದಲ್ಲಿ ಮನೆಯವರೊಂದಿಗಿನ ಮಾತುಕತೆ ಸಲೀಸಾಗಿ ನಡೆಯುತ್ತಿದೆ: ಮೊಟ್ಟೆ ತಿನ್ನುವ ಮನೆಯ ಮಗುವಿಗೆ ಮೊಟ್ಟೆ, ತಿನ್ನದ ಮಗುವಿಗೆ ಬಾಳೆಹಣ್ಣು ಎಂದು ಮನೆಯವರನ್ನು ಕೇಳಿಯೇ ಬರೆದುಕೊಳ್ಳುತ್ತಾರೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿಗಂತೂ ಯಾರೂ ನೆನಪು ಮಾಡಬೇಕಿಲ್ಲ, ಲೋಟ ಮರೆಯದಂತೆ ಹೇಳಿದರೆ ಸಾಕು.

ಹಾಲಿನಷ್ಟು ಸಲೀಸಾಗಿ ಮನೆಗೆ ತಲುಪದ ಸುದ್ದಿ ಬ್ಯಾಗಿನದು. ಒಂದು, ಎರಡನೇ ತರಗತಿಯ ಮಗುವಿನ ಬ್ಯಾಗು ಎರಡು ಕಿಲೋ ಮೀರಬಾರದು, ಮೂರರಿಂದ ಐದರವರೆಗೆ ಮೂರು ಕಿಲೋ, ತಿಂಗಳ ಮೂರನೆಯ ಶನಿವಾರ ಬ್ಯಾಗೇ ಬೇಡ ಎಂದು 2019ರಲ್ಲೇ ರಾಜ್ಯ ಸರ್ಕಾರ ಆದೇಶ ಮಾಡಿದೆ. ಆದರೂ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಬೆನ್ನು ಬಾಗಿಸಿಕೊಂಡು ಹೋಗುವ ಮಕ್ಕಳನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ವೇಳಾಪಟ್ಟಿಯ ಒಂದು ಪ್ರತಿ ಮನೆಯ ಗೋಡೆಗೆ ಅಂಟಿದರೆ, ರಾತ್ರಿ ಬ್ಯಾಗು ಜೋಡಿಸುವಾಗ ಬೇಡದ ಪುಸ್ತಕ ತೆಗೆದಿಡಬಹುದು. ಇದನ್ನು ಮನೆಯವರೇ ಮಾಡಬೇಕು.

ಪಾಲಕರ ಸಭೆಯ ಮಾತು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಇದರಲ್ಲಿ ನನಗೆ ಸ್ವಲ್ಪ ಬೇಜಾರಿದೆ. ಶಿಕ್ಷಣ ಹಕ್ಕು ಕಾಯ್ದೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ತಂದೆತಾಯಿ, ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅನ್ನುತ್ತದೆ. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ಇಷ್ಟು ಒಳ್ಳೆಯ ಕಾನೂನಿದ್ದೂ ಸಭೆ ಇಡುವುದು ಮಂಗಳವಾರ ಹನ್ನೊಂದು ಗಂಟೆಗೆ, ಹೇಳಿ ಕಳಿಸುವುದು ಸೋಮವಾರ ಸಂಜೆ! ಕಳೆ ಕೀಳಲು ಹೋದವಳು, ಗಾರ್ಮೆಂಟ್ಸಿನಲ್ಲಿ ಪಾಳಿಯಲ್ಲಿರುವವಳು ಹೇಗೆ ಬಂದಾಳು? ಬಂದರೆ ಒಂದು ದಿನದ ಕೂಲಿ ಹೋಯಿತು. ಬರದಿದ್ದರೆ ‘ಈ ಮನೆಯವರಿಗೆ ಮಗುವಿನ ಓದಿನ ಚಿಂತೆಯೇ ಇಲ್ಲ’ ಅನ್ನುವ ಮಾತು. ಆ ಮಾತು ಅನ್ಯಾಯದ್ದು. ಜಾತಿ, ಆದಾಯ ಪ್ರಮಾಣಪತ್ರ ಬೇಕೆಂದಾಗಲೂ ಹೀಗೇ: ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ದಿನವೇ ಅದು ಎಲ್ಲರ ಕೈಗೂ ಸಿಗುವುದಿಲ್ಲ, ಜೂನ್‌ನಲ್ಲೇ ಹೇಳಿದರೆ ಮನೆಯವರು ಹೇಗೋ ಹೊಂದಿಸಿಕೊಳ್ಳುತ್ತಾರೆ.

ಹಾಗೆಂದು ಎಲ್ಲ ಭಾರವನ್ನೂ ಟೀಚರುಗಳ ತಲೆಗೆ ಹೊರಿಸಲಾರೆ. ಇಬ್ಬರೇ ಇರುವ ಶಾಲೆಯಲ್ಲಿ ಪಾಠವೂ ಅವರೇ, ಬಿಸಿಯೂಟದ ಲೆಕ್ಕವೂ ಅವರೇ. ನಾವು ಮನೆಯವರು ಸಂಜೆ ಮಗು ಬಂದ ಕೂಡಲೇ ಡೈರಿ ತೆರೆದು ನೋಡೋಣ, ಓದಲು ಬಾರದಿದ್ದರೆ ಪಕ್ಕದ ಮನೆಯ ಹುಡುಗಿಯಿಂದ ಓದಿಸೋಣ. ಮೇಷ್ಟ್ರೇ, ಟೀಚರೇ, ನಿಮ್ಮಲ್ಲಿ ನಮ್ಮದೊಂದು ಕೇಳಿಕೆ: ಮಗು ಚೆನ್ನಾಗಿ ಓದಿದ ದಿನ, ಹಾಡಿದ ದಿನವೂ ಎರಡು ಸಾಲು ಬರೆದು ಕಳಿಸಿ. ಸಭೆಯನ್ನು ಸಂಜೆಯ ಹೊತ್ತಿಗೋ ಭಾನುವಾರವೋ ಇಟ್ಟು, ನಾಲ್ಕು ದಿನ ಮುಂಚೆ ಹೇಳಿ. ನಾವು ಬರುತ್ತೇವೆ.