ಎಳೆ ಎಣಿಸುವ ಕೆಲಸ

ಯಾರ ಮನೆಗೆ ಹೋದರೂ ನನ್ನ ಕೈ ಸುಮ್ಮನಿರುವುದಿಲ್ಲ. ದಿಂಬಿನ ಚೀಲವಿರಲಿ, ಟೀಪಾಯಿಯ ಮೇಲಿನ ಬಟ್ಟೆಯಿರಲಿ, ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತವರ ಸೆರಗೇ ಇರಲಿ, ಮಗುಚಿ ಅದರ ಹಿಂಬದಿ ನೋಡಿದರೇ ಸಮಾಧಾನ. ಹಿಂದೆ ಕಾಗದದಂಥ ಬಿಳಿಯ ಅಸ್ತರು ಅಂಟಿಕೊಂಡಿದ್ದರೆ ಅದು ಯಂತ್ರದ ಕೆಲಸ. ದಾರಗಳು ಒಂದು ಹೂವಿನಿಂದ ಇನ್ನೊಂದು ಹೂವಿಗೆ ಅಡ್ಡಾದಿಡ್ಡಿ ಹಾರಿದ್ದರೆ ಕೈಯ ಕೆಲಸವೇ ಹೌದು, ಆದರೆ ಅವಸರದ್ದು. ಹಿಂದೆ ಯಾವುದು, ಮುಂದೆ ಯಾವುದು ಎಂದೇ ತಿಳಿಯದಿದ್ದರೆ ಅದು ನಮ್ಮ ಧಾರವಾಡದ ಕಡೆಯ ಕಸೂತಿ ಎಂದು ತಿಳಿಯಿರಿ.

ಇಪ್ಪತ್ತು ವರ್ಷಗಳಿಂದ ಫ್ಯಾಷನ್ ಡಿಸೈನ್ ಓದುವ ಹುಡುಗಿಯರಿಗೆ, ಈಚೆಗೆ ಕೆಲವು ಹುಡುಗರಿಗೂ, ಕೈಹೊಲಿಗೆ ಕಲಿಸುತ್ತಿದ್ದೇನೆ. ಅದಕ್ಕೂ ಮೊದಲು ನನಗೆ ಕಲಿಸಿದವಳು ನಮ್ಮಜ್ಜಿ. ಅವಳಿಗೆ ಓದು ಬರೆಹ ಬರುತ್ತಿರಲಿಲ್ಲ, ಆದರೆ ಇಳಕಲ್ ಸೀರೆಯ ಮೇಲೆ ಆನೆ ಅಂಬಾರಿ, ತುಳಸಿಕಟ್ಟೆ, ತೇರು, ಗೋಪುರ, ನವಿಲು ಎಲ್ಲವನ್ನೂ ಮೂಡಿಸುತ್ತಿದ್ದಳು. ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವ ಪದ್ಧತಿಯೇ ಇಲ್ಲ. ಬಟ್ಟೆಯ ಎಳೆಗಳನ್ನು ಕಣ್ಣಲ್ಲೇ ಎಣಿಸಿ, ಇಷ್ಟು ಎಳೆ ಬಿಟ್ಟು ಇಷ್ಟು ಎಳೆ ಹಿಡಿಯುವುದು. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಬಾಲದ ಕಡೆ ತಿರುಗುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. “ಮುಂದ ಹೆಂಗ ಕಾಣತದ, ಹಿಂದನೂ ಹಂಗ ಕಾಣಬೇಕವಾ” ಎನ್ನುವುದು ಅವಳ ಒಂದೇ ಒಂದು ನಿಯಮ.

ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಯ್ಗಿ, ಮೆಂಥ್ಯೆ. ಗವಂತಿಯಲ್ಲಿ ಸೂಜಿ ಮೊದಲು ಒಂದು ಬಿಟ್ಟು ಒಂದು ಗೆರೆ ಹಾಕುತ್ತ ಹೋಗುತ್ತದೆ, ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ಸೇರುತ್ತದೆ. ಮುರ್ಗಿಯೂ ಇದೇ ರೀತಿ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಯ್ಗಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂಥ್ಯೆಯಲ್ಲಿ ದಾರ ಒಂದರ ಮೇಲೊಂದು ಅಡ್ಡ ಹಾಯ್ದು ಮೆಂತೆಕಾಳಿನ ಹಾಗೆ ಕೂರುತ್ತದೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಈ ಕೆಲಸ ಮಾಡಿಸಿ ಮದುಮಗಳಿಗೆ ಉಡಿಸುವುದು ನಮ್ಮ ಕಡೆಯ ಹಳೆಯ ರೂಢಿ.

ಗವಂತಿಯಲ್ಲಿ ಒಳ್ಳೆಯ ಗಣಿತವೂ ಇದೆ. ಕೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳನ್ನು ಒಂದೊಂದೇ ಬಾರಿ ದಾಟಿ ಊರು ಸುತ್ತಲು ಸಾಧ್ಯವೇ ಎಂಬ ಒಗಟನ್ನು 18ನೇ ಶತಮಾನದಲ್ಲಿ ಯೂಲರ್ ಎಂಬ ಗಣಿತಜ್ಞ ಬಿಡಿಸಿದ. ಸಾಧ್ಯವಿಲ್ಲ ಎಂಬುದು ಅವನ ಉತ್ತರ. ನಮ್ಮಜ್ಜಿಯ ಸೂಜಿ ಪ್ರತಿ ಸೇತುವೆಯನ್ನೂ ಎರಡು ಬಾರಿ ದಾಟುತ್ತಿತ್ತು, ಒಮ್ಮೆ ಬಟ್ಟೆಯ ಮೇಲಿನಿಂದ, ಇನ್ನೊಮ್ಮೆ ಕೆಳಗಿನಿಂದ. ಹಾಗೆ ನಡೆದರೆ ಬಿಡದೆ ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಮುಗಿಸಿ ಹೊರಟಲ್ಲಿಗೆ ಮರಳಬಹುದು. ಗೋಪುರದ ಯಾವ ಮೂಲೆಯಿಂದ ಹೊರಡಬೇಕು, ಕಳಸಕ್ಕೆ ಯಾವಾಗ ಹತ್ತಬೇಕು ಎಂದು ಮೊದಲೇ ಯೋಚಿಸದೆ ಸೂಜಿ ಚುಚ್ಚುವಂತಿಲ್ಲ. ಲೆಕ್ಕ ಕಂಡರೆ ಆಗದು ಎನ್ನುವ ಮಕ್ಕಳಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಇದೇ ಹೊಲಿಗೆ ಯುರೋಪಿನಲ್ಲೂ ಇತ್ತು. ಅಲ್ಲಿ ಅದಕ್ಕೆ ಹೋಲ್ಬೈನ್ ಹೊಲಿಗೆ ಎಂದು ಹೆಸರು. ಹೋಲ್ಬೈನ್ ಚಿತ್ರಕಾರ, ಹೊಲಿಗೆಯವನಲ್ಲ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದವರ ಭಾವಚಿತ್ರಗಳನ್ನು ಬರೆಯುವಾಗ ಅವರ ತೋಳಿನ ಅಂಚಿನ ಕಪ್ಪು ದಾರದ ಕೆಲಸವನ್ನೂ ಅವನು ಬಿಡದೆ ಬರೆದ. ಹೊಲಿದವರ ಹೆಸರು ಯಾರಿಗೂ ಗೊತ್ತಿಲ್ಲ, ಹೊಲಿಗೆಗೆ ಚಿತ್ರ ಬರೆದವನ ಹೆಸರು ನಿಂತಿತು. ಈ ಸಂಗತಿ ತರಗತಿಯಲ್ಲಿ ಹೇಳಿದಾಗ ಮಕ್ಕಳು ನಗುತ್ತಾರೆ. ನನಗೆ ಮಾತ್ರ ಪೂರ್ತಿ ನಗು ಬರುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಮಣಿ ಕೆಲಸದ ಮೋಹ ನನಗೆ ಹತ್ತಿದ್ದು ಆಮೇಲೆ. ಮರದ ಚೌಕಟ್ಟಿಗೆ ಬಟ್ಟೆಯನ್ನು ತಮಟೆಯಂತೆ ಬಿಗಿದು, ಕೊಕ್ಕೆಯ ತುದಿಯ ಆರಿ ಸೂಜಿಯಿಂದ ಮೇಲೆ ಕೆಳಗೆ ಚುಚ್ಚುತ್ತ ಹೋದರೆ ಸರಪಳಿಯಂಥ ಹೊಲಿಗೆ ಬೀಳುತ್ತದೆ, ಒಂದೊಂದು ಕುಣಿಕೆಗೂ ಒಂದು ಮಣಿ ಸಿಕ್ಕಿಕೊಳ್ಳುತ್ತದೆ. ಫ್ರಾನ್ಸಿನ ಲ್ಯೂನವಿಲ್ ಎಂಬ ಊರಿನ ಪದ್ಧತಿ ಇನ್ನೂ ಸೋಜಿಗದ್ದು. ಅಲ್ಲಿ ಮಣಿಗಳು ಬಟ್ಟೆಯ ಕೆಳಮೈಯಲ್ಲಿರುತ್ತವೆ. ಕೆಲಸ ಮಾಡುವವರಿಗೆ ಕಾಣುವುದು ಬರೀ ದಾರ, ಮಣಿಯೆಲ್ಲ ಬೆರಳಿನ ಅಂದಾಜಿನಲ್ಲೇ. ಈ ಹೊಲಿಗೆಯಲ್ಲಿ ಕೆಲಸ ಬೇಗ ಸಾಗುತ್ತದೆ, ಆದರೆ ಕೊನೆಯ ಕುಣಿಕೆ ಭದ್ರ ಮಾಡದಿದ್ದರೆ ಒಂದು ಎಳೆ ಕಿತ್ತಾಗ ಇಡೀ ಸಾಲಿನ ಮಣಿಗಳು ನೆಲಕ್ಕೆ ಸುರಿಯುತ್ತವೆ. ಆರತಕ್ಷತೆಯ ವೇದಿಕೆಯ ಮೇಲೆ ಹಾಗೆ ಸುರಿದದ್ದನ್ನು ನಾನೇ ನೋಡಿದ್ದೇನೆ. ಮಕ್ಕಳು ಆಯ್ದುಕೊಂಡು ಖುಷಿಪಟ್ಟರು.

ಇನ್ನು ಲೇಸು. ನಮ್ಮ ಭಾಷೆಯಲ್ಲಿ ಲೇಸು ಎಂದರೆ ಒಳಿತು. ಈ ಲೇಸಿನ ಕಥೆಯಲ್ಲಿ ಒಳಿತೂ ಇದೆ, ಕೆಡುಕೂ ಇದೆ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಲೇಸಿನ ಜಾಲರಿಯನ್ನು ನೇಯುವ ಯಂತ್ರ ಕಂಡುಹಿಡಿದ. 1816ರಲ್ಲಿ ಕೆಲಸಗಾರರು ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದು ಹಾಕಿದರು. ಯಂತ್ರ ನಿಲ್ಲಲಿಲ್ಲ. ಇಂದು ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ಕೊಳ್ಳುವ ಲೇಸೆಲ್ಲ ಆ ವಂಶದ್ದೇ. ಆದರೆ ಕ್ರೋಷಾ ಕಡ್ಡಿಯ ಹೆಣಿಗೆಯನ್ನು ಯಂತ್ರಕ್ಕೆ ಒಪ್ಪಿಸಲು ಕಾರ್ಖಾನೆಗಳಿಗೆ ಇನ್ನೂ ಆಗಿಲ್ಲ. ಹಾಗಾಗಿ ಬಜಾರಿನಲ್ಲಿ ಅಗ್ಗವಾಗಿ ಸಿಗುವ ನಿಜವಾದ ಕ್ರೋಷಾ ಕುಪ್ಪಸವನ್ನು ಯಾರೋ ಕೈಯಲ್ಲೇ ಹೆಣೆದಿರುತ್ತಾರೆ. ಬೆಲೆ ಅಷ್ಟು ಕಡಿಮೆ ಇದ್ದರೆ ಆ ಕೈಗೆ ಎಷ್ಟು ಸಿಕ್ಕಿರಬಹುದು, ನೀವೇ ಯೋಚಿಸಿ.

ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಹೆಂಗಸರು ಮನೆಮನೆಯಲ್ಲಿ ಕ್ರೋಷಾ ಲೇಸು ಹೆಣೆಯುತ್ತಾರೆ. 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ವಿದ್ಯೆ ಅದು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜವಿಜ್ಞಾನಿ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಹೊರದೇಶಕ್ಕೆ ಹೋಗುವ ಸರಕನ್ನು ದಿನವಿಡೀ ತಯಾರಿಸುವ ಈ ಹೆಂಗಸರನ್ನು ಯಾರೂ ಕೆಲಸಗಾರರೆಂದು ಕರೆಯುವುದಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಎಂದು ಹೇಳಿ ಕೂಲಿಯನ್ನು ತೀರ ಕೆಳಗೆ ಇಡಲಾಗುತ್ತದೆ ಎಂಬುದು ಅವರು ಕಂಡ ಸತ್ಯ. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು.

ಆ ಪುಸ್ತಕ ಓದಿದಾಗ ನನಗೆ ನೆನಪಾದದ್ದು ನಮ್ಮ ಚಿಕ್ಕಮ್ಮ. 1988ರಲ್ಲಿ ಪೇಟೆಯ ಒಂದು ಸೀರೆ ಅಂಗಡಿಗೆ ಅವಳು ಕಸೂತಿ ಹಾಕಿಕೊಡುತ್ತಿದ್ದಳು. ಒಂದು ಸೆರಗಿಗೆ 90 ಗಂಟೆ ಹಿಡಿಯುತ್ತಿತ್ತು. ಗಂಟೆ ಬರೆದಿಟ್ಟವಳು ಆಗ ಹೈಸ್ಕೂಲಿನಲ್ಲಿದ್ದ ನಾನು. ಅಂಗಡಿಯವರು ಕೊಡುತ್ತಿದ್ದುದು 150 ರೂಪಾಯಿ. ಭಾಗಿಸಿ ನೋಡಿ, ಗಂಟೆಗೆ ಒಂದೂಮುಕ್ಕಾಲು ರೂಪಾಯಿಯೂ ಬೀಳಲಿಲ್ಲ. ಇನ್ನು ಸ್ವಲ್ಪ ಹೆಚ್ಚು ಕೊಡಿ ಎಂದರೆ, “ಮನಿಯಾಗ ಕುಂತು ಮಾಡೋ ಕೆಲಸ, ಕರೆಂಟಿಲ್ಲ, ಬಾಡಿಗಿಲ್ಲ” ಎಂಬ ಉತ್ತರ. ಹಗಲೆಲ್ಲ ಅಡಿಗೆ, ನೀರು, ಮಕ್ಕಳು; ರಾತ್ರಿ ನಲವತ್ತರ ಬಲ್ಬಿನ ಕೆಳಗೆ ಕಪ್ಪು ಬಟ್ಟೆಯ ಎಳೆ ಎಣಿಸುವುದು. ಐವತ್ತು ತುಂಬುವ ಮೊದಲೇ ಅವಳು ಸೂಜಿ ಕೆಳಗಿಟ್ಟಳು. ಕಪ್ಪಿನ ಮೇಲೆ ಎಳೆ ಕಾಣುವುದು ನಿಂತುಹೋಗಿತ್ತು. ಅವಳು ಹಾಕಿದ ಸೀರೆಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿರಬಹುದು, ಅವಳ ಪಾಲಿಗೆ ಒಂದೂ ಉಳಿಯಲಿಲ್ಲ.

ಅದೇ 1988ರಲ್ಲಿ ಪ್ಯಾರಿಸ್ಸಿನಲ್ಲಿ ಈವ್ ಸ್ಯಾಂ ಲೊರಾಂ ಎಂಬ ವಿನ್ಯಾಸಕಾರ ವ್ಯಾನ್ ಗೋನ ಐರಿಸ್ ಹೂಗಳ ಚಿತ್ರವನ್ನು ಜಾಕೆಟ್ಟಿನ ಮೇಲೆ ತಂದ. ಅದರ ಮಣಿ ಮತ್ತು ಚಮಕಿ ಕೆಲಸ ಮಾಡಿದ್ದು ಲೆಸಾಜ್ ಎಂಬ ಕಸೂತಿ ಮನೆ. ಒಂದು ಜಾಕೆಟ್ಟಿಗೆ ಸುಮಾರು 600 ಗಂಟೆ ಹಿಡಿಯಿತು ಎಂದು ಅಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 90 ಗಂಟೆಯನ್ನು ಬಿಡುವೆಂದು ಕರೆದ ಊರೂ ಇದೆ, 600 ಗಂಟೆಯನ್ನು ಬೆಲೆಪಟ್ಟಿಗೆ ಏರಿಸಿದ ಊರೂ ಇದೆ. ಎರಡು ಕಡೆಯೂ ಇದ್ದದ್ದು ಸೂಜಿ, ದಾರ ಮತ್ತು ಬೆನ್ನು ಬಗ್ಗಿಸಿ ಕೂತ ಒಂದು ಜೀವ.

ಈಗ ಕಾಲ ಸ್ವಲ್ಪ ಬದಲಾಗಿದೆ. ವಿದೇಶದ ದೊಡ್ಡ ಫ್ಯಾಷನ್ ಮನೆಗಳು ಎಷ್ಟೋ ವರ್ಷ ಭಾರತದಲ್ಲಿ ಕೆಲಸ ಮಾಡಿಸಿಕೊಂಡು ಹೆಸರು ಹೇಳದೆ ಇದ್ದವು. 2023ರ ಮಾರ್ಚಿಯಲ್ಲಿ ಡಿಯೋರ್ ಸಂಸ್ಥೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ ಎದುರಿಗೇ ಪ್ರದರ್ಶನ ನಡೆಸಿ, ಕಸೂತಿ ಮಾಡಿದ ಮುಂಬಯಿಯ ಚಾಣಕ್ಯ ಸಂಸ್ಥೆಯ ಹೆಸರನ್ನು ಎಲ್ಲರೆದುರು ಹೇಳಿತು. ನಮ್ಮ ಸಂಡೂರಿನ ಲಂಬಾಣಿ ಹೆಂಗಸರ ಕನ್ನಡಿ, ಕವಡೆ, ಮಣಿಗಳ ಕೆಲಸಕ್ಕೆ 2010ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಅವರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಯಿಂದ ಒಲೆ ಉರಿಯುವುದಿಲ್ಲ, ನಿಜ. ಆದರೆ ಮಾಡಿದವರು ಇಂಥವರು ಎಂದು ನಾಲ್ಕು ಜನಕ್ಕೆ ತಿಳಿದ ಮೇಲೆ ಬೆಲೆ ಕೇಳಲು ಬಾಯಿ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನವಲಗುಂದದ ಕಡೆಯ ಒಬ್ಬ ಹುಡುಗಿ ನಮ್ಮಲ್ಲಿ ಓದಲು ಬಂದಳು. ಒಳ್ಳೆಯ ಕೈ. ಮೂರನೇ ವಾರ ಅವಳ ತಂದೆ ನನ್ನನ್ನು ಹುಡುಕಿಕೊಂಡು ಬಂದರು. ಹತ್ತಿ ಬೆಳೆಯುವ ರೈತರು. ಟೋಪಿ ತೆಗೆದು ಕೈಯಲ್ಲಿ ಹಿಡಿದು, “ಬಾಯಾರ, ಸೂಜಿಯಿಂದ ಹೊಟ್ಟಿ ತುಂಬತದೇನ್ರಿ? ಖರೇ ಹೇಳ್ರಿ” ಎಂದರು. ಮಗಳ ಫೀಸಿಗೆ ಸಾಲ ಮಾಡಿದ್ದರು. ಅವರಿಗೆ ಹೇಳಿದ್ದನ್ನೇ ಈ ಪುಟ ಓದುತ್ತಿರುವ ತಂದೆ ತಾಯಿಯರಿಗೂ ಹೇಳುತ್ತೇನೆ.

ಬರೀ ಸೂಜಿಯಿಂದ ತುಂಬುವುದು ಕಷ್ಟ. ಸೂಜಿಯ ಜೊತೆಗೆ ಚಿತ್ರ ಬರೆಯುವುದು, ಅಳತೆ ತೆಗೆದು ಕತ್ತರಿಸುವುದು, ಬಟ್ಟೆಯ ಗುಣ ತಿಳಿಯುವುದು, ಲೆಕ್ಕ ಬರೆಯುವುದು, ಧೈರ್ಯವಾಗಿ ನಾಲ್ಕು ಮಾತಾಡುವುದು ಸೇರಿದರೆ ತುಂಬುತ್ತದೆ. ದೆಹಲಿಯಲ್ಲಿ 1986ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 1997ರಲ್ಲಿ ಬೆಂಗಳೂರಿಗೂ ಬಂತು. ಅಲ್ಲಿ ನಾಲ್ಕು ವರ್ಷದ ಡಿಸೈನ್ ಪದವಿ. ಪ್ರವೇಶ ಪರೀಕ್ಷೆಯಲ್ಲಿ ಚಿತ್ರಕಲೆ, ಕಲ್ಪನೆ ಮಾತ್ರವಲ್ಲ, ಕೊಟ್ಟ ಸಾಮಾನಿನಿಂದ ಕೈಯಾರೆ ಏನಾದರೂ ಮಾಡಿ ತೋರಿಸುವ ಪರೀಕ್ಷೆಯೂ ಇರುತ್ತದೆ. ಚಿಕ್ಕಂದಿನಿಂದ ಕೈ ಪಳಗಿದವರಿಗೆ ಅದು ಅನುಕೂಲ. ಖರ್ಚು ಮಾತ್ರ ಕಡಿಮೆಯಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಅದಾಗದಿದ್ದರೆ ಪಾಲಿಟೆಕ್ನಿಕ್‌ಗಳಲ್ಲಿ ಡಿಪ್ಲೊಮಾಗಳಿವೆ. ಎಲ್ಲಿ ಸೇರಿದರೂ ಅಲ್ಲಿ ಕೈಕೆಲಸವನ್ನು ಎಷ್ಟು ಗಂಟೆ ಕಲಿಸುತ್ತಾರೆ ಎಂದು ಕೇಳಿ. ಕಂಪ್ಯೂಟರಿನ ಕೊಠಡಿಯನ್ನು ಎಲ್ಲರೂ ತೋರಿಸುತ್ತಾರೆ, ಹೊಲಿಗೆಯ ಚೌಕಟ್ಟುಗಳಿರುವ ಕೋಣೆಯನ್ನು ನೀವಾಗಿ ಕೇಳಿ ನೋಡಬೇಕು.

ಆ ಹುಡುಗಿ ಈಗ ಬೆಂಗಳೂರಿನಲ್ಲಿ ಒಂದು ರಫ್ತು ಕಂಪೆನಿಗೆ ಕಸೂತಿಯ ಮಾದರಿಗಳನ್ನು ತಯಾರಿಸುತ್ತಾಳೆ. ಅವಳ ಜೊತೆ ಪಿಯುಸಿ ಓದಿ ಸಾಫ್ಟ್‌ವೇರಿಗೆ ಹೋದ ಗೆಳತಿಗಿಂತ ಸಂಬಳ ಕಡಿಮೆ. ಕನ್ನಡಕ ಬಂದಿದೆ. ತಂದೆಯ ಸಾಲ ತೀರಿದೆ. ಅವಳು ಮಾಡಿದ ಮಾದರಿಯನ್ನು ನೋಡಿ ಹೊರದೇಶದವರು ಎಷ್ಟು ದಿನದ ಕೆಲಸ ಎಂದು ಕೇಳಿದರೆ, ಚೀಲದಿಂದ ಪುಸ್ತಕ ತೆಗೆದು ಗಂಟೆ, ನಿಮಿಷ ಓದಿ ಹೇಳುತ್ತಾಳಂತೆ.

ಆ ಪುಸ್ತಕ ನನ್ನ ಪಾಠದ್ದು. ನನ್ನ ತರಗತಿಯಲ್ಲಿ ಸೂಜಿಗಿಂತ ಮೊದಲು ಕೈಗೆ ಕೊಡುವುದು ನೂರು ಪುಟದ ನೋಟುಬುಕ್ಕು. ಕೂತ ಹೊತ್ತು, ಎದ್ದ ಹೊತ್ತು, ಬಳಸಿದ ದಾರ, ಮಣಿ ಎಲ್ಲ ಬರೆಯಬೇಕು. ಬೆಲೆ ಹೇಳುವಾಗ ಸಾಮಾನಿನ ಖರ್ಚಿಗೆ ಗಂಟೆಯ ಕೂಲಿ ಕೂಡಿಸಿ ಹೇಳಬೇಕು. ನಲವತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆಯ ಮರ ನೋಡಬೇಕು. ಕಪ್ಪು ಬಟ್ಟೆಯ ಕೆಲಸ ಹಗಲಿನಲ್ಲೇ ಆಗಬೇಕು, ತೊಡೆಯ ಮೇಲೆ ಬಿಳಿಯ ಬಟ್ಟೆ ಹಾಸಿಕೊಂಡರೆ ಎಳೆಗಳು ಎದ್ದು ಕಾಣುತ್ತವೆ. ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳುವವರಿರಲಿಲ್ಲ.

ಕೆಲಸ ಅಂದವಾಗಿರಬೇಕು ಎಂದು ಹೇಳಿಕೊಡುವ ಅಗತ್ಯ ನನಗೆ ಬಿದ್ದಿಲ್ಲ. ಪ್ರೀತಿಯಿದ್ದವರು ತಾವಾಗಿಯೇ ಬಿಚ್ಚಿ ಮತ್ತೆ ಹಾಕುತ್ತಾರೆ. ಅವರಿಗೆ ಹೇಳಿಕೊಡಬೇಕಾದದ್ದು ಆ ಪ್ರೀತಿಯನ್ನು ಯಾರೂ ಪುಕ್ಕಟೆ ಕೊಂಡೊಯ್ಯದಂತೆ ನೋಡಿಕೊಳ್ಳುವುದನ್ನು.

ರಜೆ ಬರುತ್ತಿದೆ. ನಿಮ್ಮ ಮನೆಯಲ್ಲಿ ಎರಡು ತಾಸು ಒಂದೇ ಕಡೆ ಕೂತು ಏನಾದರೂ ಮಾಡಬಲ್ಲ ಮಗುವಿದ್ದರೆ, ಹುಡುಗನಾಗಲಿ ಹುಡುಗಿಯಾಗಲಿ, ಒಂದು ಮೀಟರು ಮ್ಯಾಟಿ ಬಟ್ಟೆ, ನಾಲ್ಕು ಬಣ್ಣದ ದಾರ, ಮೊಂಡು ತುದಿಯ ಸೂಜಿ ತಂದುಕೊಡಿ. ಮನೆಯಲ್ಲಿ ಅಜ್ಜಿಯಿದ್ದರೆ ಅವರ ಪಕ್ಕದಲ್ಲಿ ಕೂರಿಸಿ. ಮೊದಲ ಗೋಪುರ ಸೊಟ್ಟಗೇ ಬರುತ್ತದೆ. ಎರಡನೆಯದನ್ನು ಹಾಕಲು ಕೂತಾಗ ಗೋಡೆಯ ಗಡಿಯಾರ ನೋಡಿ ಹೊತ್ತು ಬರೆದಿಡಲು ಹೇಳಿ.